ಮೇಪಲ್ ಮರದ ಮೊದಲ ಧಾರೆ

ನಮ್ಮ ಗ್ಯಾರೇಜಿನ ಗೋಡೆಯ ಮೇಲೆ ನೀಲಿ ಪೈಪಿನ ಸುರುಳಿಯೊಂದು ತೂಗುತ್ತಿದೆ. ಮನೆಗೆ ಬಂದವರು ಅದನ್ನು ಗಿಡಕ್ಕೆ ನೀರು ಬಿಡುವ ಪೈಪು ಎಂದುಕೊಳ್ಳುತ್ತಾರೆ. ಕಿರುಬೆರಳಿನ ಗಾತ್ರವೂ ಇಲ್ಲದ ಅದರಲ್ಲಿ ನೀರು ಬಿಟ್ಟರೆ ಒಂದು ತುಳಸಿ ಗಿಡ ನೆನೆಯುವಷ್ಟರಲ್ಲಿ ಹೊತ್ತು ಮುಳುಗೀತು. ಮೇಪಲ್ ಮರದಿಂದ ರಸ ಇಳಿಸುವ ಪೈಪು ಅದು ಎಂದು ನಾನು ಹೇಳಿದರೆ ಅವರು ಒಮ್ಮೆ ಪೈಪನ್ನೂ ಒಮ್ಮೆ ನನ್ನನ್ನೂ ನೋಡುತ್ತಾರೆ. ಟೆಕ್ಸಸ್ಸಿನಲ್ಲಿ ಮೇಪಲ್ ಸಿರಪ್ಪೇ ಎಂಬ ಪ್ರಶ್ನೆ ಅವರ ಬಾಯಿಂದ ಹೊರಡುವ ಮೊದಲೇ ನಾನು ಕಾಫಿಗೆ ನೀರಿಡುತ್ತೇನೆ. ಯಾಕೆಂದರೆ ಅದಕ್ಕೆ ಉತ್ತರ ಉದ್ದವಿದೆ. ನೀವೂ ಒಂದು ಲೋಟ ಹಿಡಿದುಕೊಂಡೇ ಕೂತಿರಿ.

ಪೈಪಿಗೂ ನನಗೂ ಹಳೆಯ ನಂಟು. ಮೈಸೂರಿನಲ್ಲಿ ನಾವಿದ್ದ ವಠಾರದಲ್ಲಿ ನಲ್ಲಿ ಇದ್ದದ್ದು ಅಂಗಳದಲ್ಲಿ, ಹಂಡೆ ಇದ್ದದ್ದು ಹಿಂದಿನ ಬಚ್ಚಲಲ್ಲಿ. ನಲ್ಲಿಯ ಬಾಯಿಗೆ ಹಳೇ ಸೀರೆಯ ಚಿಂದಿ ಸುತ್ತಿ, ಹಸಿರು ಪೈಪು ಸಿಕ್ಕಿಸಿ, ನಡುಮನೆ ದಾಟಿಸಿ ಹಂಡೆಗೆ ಬಿಡುವುದು ನನ್ನ ಪಾಲಿನ ಕೆಲಸ. ಆ ಪೈಪು ಯಾವತ್ತಿಗೂ ಒಂದು ಮೊಳ ಕಡಿಮೆಯೇ. ನೀರು ನಡುದಾರಿಯಲ್ಲಿ ನಿಂತರೆ ತುದಿಗೆ ಬಾಯಿ ಹಚ್ಚಿ ಎಳೆಯುತ್ತಿದ್ದೆ. ಬಾಯಿತುಂಬ ಪ್ಲಾಸ್ಟಿಕ್ ವಾಸನೆಯ ನೀರು ಬಂದೊಡನೆ ಅಡುಗೆಮನೆಯಿಂದ ಅಮ್ಮನ ದನಿಯೂ ಬರುತ್ತಿತ್ತು: ದೇವರಿಗೂ ಅದೇ ನೀರು ಕಣೇ, ಎಂಜಲು ಮಾಡಬೇಡ ಅಂತ. ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ ಕಾಣೆ. ನೀರು ಬರುವುದು ಮುಖ್ಯವೋ ಮಡಿ ಮುಖ್ಯವೋ ಎಂಬ ಪ್ರಶ್ನೆಗೆ ನನಗೆ ಆಗಲೂ ಉತ್ತರ ಸಿಗಲಿಲ್ಲ, ಮುಂದೆ ಟೆಕ್ಸಸ್ಸಿನಲ್ಲಿ ಇದೇ ಪ್ರಶ್ನೆ ಮತ್ತೆ ಎದುರಾದಾಗಲೂ ಸಿಗಲಿಲ್ಲ.

ಮೇಪಲ್ ವಿಷಯಕ್ಕೆ ಬರುತ್ತೇನೆ. ನಾವು ಮೊದಲು ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿದ್ದೆವು. ನಮ್ಮ ಯಜಮಾನರು, ಪ್ರಹ್ಲಾದ ಅಂತ, ಧಾರವಾಡದವರು, ಪೈಪ್‌ಲೈನ್ ಇಂಜಿನಿಯರು. ಎಣ್ಣೆ ಎಲ್ಲಿಂದ ಎಲ್ಲಿಗೆ ಹರಿಯಬೇಕು, ಎಷ್ಟು ಒತ್ತಡದಲ್ಲಿ ಹರಿಯಬೇಕು ಎಂದು ಲೆಕ್ಕ ಹಾಕುವುದೇ ಅವರ ಉದ್ಯೋಗ. ದಿನಾ ಐ-ಟೆನ್ನಿನ ಟ್ರಾಫಿಕ್ಕಿನಲ್ಲಿ ಕೂತು ಬಂದು, ಎಣ್ಣೆ ಹರಿದಷ್ಟು ಸಲೀಸಾಗಿ ಜನ ಹರಿಯುವುದಿಲ್ಲ ಎಂದು ಗೊಣಗುತ್ತಿದ್ದರು. ಕೇಟಿಯಲ್ಲಿ ನನಗಿದ್ದ ಒಂದೇ ಕೊರತೆ, ಅಲ್ಲಿ ಎಲೆಗಳಿಗೆ ಬಣ್ಣ ತಿರುಗುವುದಿಲ್ಲ. ಡಿಸೆಂಬರಿನಲ್ಲೂ ಹಸಿರು, ಆಮೇಲೊಂದು ದಿನ ಕಂದು, ಮುಗಿಯಿತು.

ಅವರಿಗೆ ಡಲ್ಲಾಸ್ ಆಫೀಸಿಗೆ ಶಿಫ್ಟ್ ಆದಾಗ ಅದರ ಪಕ್ಕದ ಲೂಯಿಸ್‌ವಿಲ್ಲಿನಲ್ಲಿ ಮನೆ ನೋಡಲು ಬಂದೆವು. ಆಗ ನವೆಂಬರ್ ಕೊನೆ. ಮನೆ ತೋರಿಸುತ್ತಿದ್ದ ಹೆಂಗಸು ಅಡುಗೆಕಟ್ಟೆಯ ಗ್ರಾನೈಟನ್ನು ಸವರಿ ಸವರಿ ವರ್ಣಿಸುತ್ತಿದ್ದಳು, ನಾನು ಕಿಟಕಿಯಾಚೆ ನೋಡುತ್ತಿದ್ದೆ. ಹಿತ್ತಲಿನಲ್ಲಿ ಒಂದು ಮೇಪಲ್, ಬುಡದಿಂದ ತುದಿಯವರೆಗೆ ಕೆಂಪು. ಯಾರೋ ಕುಂಕುಮದ ಭರಣಿ ಮಗುಚಿದ್ದರು ಅಂತ ಕಾಣುತ್ತದೆ. ಮನೆಗೆ ಎಷ್ಟು ಬಚ್ಚಲು ಎಂದು ಕೇಳುವುದನ್ನೂ ಮರೆತು ಇದೇ ಇರಲಿ ಎಂದುಬಿಟ್ಟೆ. ಬಚ್ಚಲು ಸಾಲದು ಎಂದು ಗೊತ್ತಾದದ್ದು ನೆಂಟರು ಬಂದಾಗ.

ಇನ್ನೊಂದು ವಿಷಯವೂ ತಡವಾಗಿ ಗೊತ್ತಾಯಿತು. ಇಲ್ಲಿಯದು ಎರೆ ಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬಿಸಿಲು ಬಂದರೆ ಬಿರಿಯುತ್ತದೆ, ಅದರ ಮೇಲೆ ಕೂತ ಮನೆಯೂ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಅದಕ್ಕೇ ಇಲ್ಲಿನವರು ಬೇಸಿಗೆಯಲ್ಲಿ ಮನೆಯ ಸುತ್ತ ತೂತಿನ ಪೈಪು ಹಾಸಿ ತಳಪಾಯಕ್ಕೇ ನೀರುಣಿಸುತ್ತಾರೆ. ಗಿಡಕ್ಕೆ ನೀರು ಹಾಕುವವರನ್ನು ಕಂಡಿದ್ದೇನೆ, ದನಕ್ಕೆ ನೀರು ಕುಡಿಸುವವರನ್ನು ಕಂಡಿದ್ದೇನೆ, ಮನೆಗೆ ನೀರು ಕುಡಿಸುವವರನ್ನು ಕಂಡದ್ದು ಇಲ್ಲೇ. ನಾವು ಹೊಸಬರು, ಕುಡಿಸಲಿಲ್ಲ. ಊಟದ ಕೋಣೆಯ ಬಾಗಿಲ ಮೇಲೆ ಒಂದು ಬಿರುಕು ಮೂಡಿತು.

ತಳಪಾಯ ನೋಡುವವನು ಬಂದ. ದೊಡ್ಡ ಹ್ಯಾಟು, ಮೆಲುಮಾತು. ಮನೆ ಸುತ್ತಿ, ಕೊನೆಗೆ ಮೇಪಲ್ ಮುಂದೆ ನಿಂತು, ತಪ್ಪಿತಸ್ಥ ಇವನೇ ಎಂಬಂತೆ ತಲೆಯಾಡಿಸಿದ. ಮನೆಯಡಿಯ ನೀರನ್ನೆಲ್ಲ ಬೇರು ಹೀರುತ್ತಿದೆ. ಮರ ತೆಗೆಸಿಬಿಡಿ, ಇಲ್ಲವೇ ಮರಕ್ಕೂ ಮನೆಗೂ ನಡುವೆ ಆಳದ ಕಾಲುವೆ ತೋಡಿ ಬೇರಿಗೆ ಅಡ್ಡಗೋಡೆ ಹಾಕಿಸಿ ಎಂದ. ಎರಡನೆಯದು ರಗಳೆಯ ಕೆಲಸ, ಮೊದಲನೆಯದು ಒಂದು ಬೆಳಗಿನದು. ಚಳಿ ಕಳೆದ ಮೇಲೆ ಬರುತ್ತೇನೆ, ಅಷ್ಟರಲ್ಲಿ ತೀರ್ಮಾನ ಮಾಡಿಡಿ ಎಂದು ಹೊರಟುಹೋದ.

ನನಗೆ ಅವತ್ತು ಅನ್ನ ಸೇರಲಿಲ್ಲ. ಯಜಮಾನರಿಗೆ ಚೆನ್ನಾಗಿಯೇ ಸೇರಿತು. ಅವರಿಗೆ ಮರದ ಮೇಲೆ ಹಗೆಯೇನಿಲ್ಲ. ಚಳಿಗಾಲದ ಪ್ರತಿ ಶನಿವಾರ ಅದರ ಎಲೆ ಗುಡಿಸುವವರು ಅವರೇ, ಅಷ್ಟೇ. ನಾನು ಅತ್ತು ಕರೆದೆ, ಮುನಿಸಿಕೊಂಡೆ. ಅವರು ಸಾವಧಾನವಾಗಿ ತಮ್ಮ ಧಾರವಾಡದ ನ್ಯಾಯ ಹೇಳಿದರು.

"ಹಣ್ಣಿಲ್ಲ, ಹಂಪಲಿಲ್ಲ. ಮಾವಿನ ಗಿಡ ಇದ್ದಿದ್ರ ನಾ ಕೊಡ್ಲಿ ಹಚ್ಚಗೊಡ್ತಿದ್ನೇನು? ಏನರೆ ಕೊಡೋ ಗಿಡ ಆದ್ರ ಮಾತು ಬ್ಯಾರೆ."

ಈ ಮಾತನ್ನು ನಾನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಫಲ ಕೊಡುವ ಮರ ಕಡಿಯಬಾರದು ಎಂಬುದು ನಮ್ಮ ಎರಡೂ ಮನೆಗಳ ಶಾಸ್ತ್ರ. ಹಾಗಾದರೆ ಮೇಪಲ್ಲಿನಿಂದ ಏನನ್ನಾದರೂ ಕೊಡಿಸಬೇಕು. ಏನು ಕೊಡಿಸುವುದು ಎಂದು ಹೇಳಿಕೊಟ್ಟವಳು ಮಗಳು ಅನಘಾ. ಅವಳು ಆಸ್ಟಿನ್‌ನಲ್ಲಿ, ದ ಡೊಮೇನ್ ಎಂಬ ಬಡಾವಣೆಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ನಾನು ಫೋನಿನಲ್ಲಿ ಕನ್ನಡದಲ್ಲಿ ಅತ್ತರೆ ಅವಳು ಇಂಗ್ಲಿಷಿನಲ್ಲಿ ಸಮಾಧಾನ ಮಾಡುತ್ತಾಳೆ. ಎಲ್ಲ ಕೇಳಿಸಿಕೊಂಡು, "ಅಮ್ಮಾ, ಇಟ್ಸ್ ಅ ಮೇಪಲ್," ಎಂದಳು, ನನಗೆ ಅಕ್ಷರ ಬಾರದವರ ಹಾಗೆ. ಮೇಪಲ್ ಸಿರಪ್ ಎಂದರೆ ಕೆನಡಾದಲ್ಲಿ ಬಾಟಲಿಯಲ್ಲೇ ಹುಟ್ಟುವ ವಸ್ತು ಎಂದು ನಂಬಿದ್ದವಳು ನಾನು. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಬಿಸಿಲು, ಇವೆರಡೂ ಕೂಡಿದ ದಿನ ಮರದೊಳಗೆ ರಸ ಓಡಾಡುತ್ತದೆ, ಟೆಕ್ಸಸ್ ಆದರೇನು, ಅಂಥ ದಿನ ಇಲ್ಲೂ ಕೆಲವು ಬರುತ್ತವೆ ಎಂದು ಅವಳೇ ತಿಳಿಸಿದಳು. ಮುಂದಿನ ವಾರ ಕಾರಿನಲ್ಲಿ ಪೈಪಿನ ಸುರುಳಿ, ಮರಕ್ಕೆ ಸಿಕ್ಕಿಸುವ ಎರಡು ಪುಟ್ಟ ಪ್ಲಾಸ್ಟಿಕ್ ನಲ್ಲಿ, ಎರಡು ಪೈಪನ್ನು ಒಂದಾಗಿಸುವ ಟೀ ಜಾಯಿಂಟು ತಂದಿಟ್ಟುಹೋದಳು. ಯುಗಾದಿಗೆ ಈ ಮರದ ಪಾಕದಲ್ಲೇ ಹೋಳಿಗೆ ಮಾಡಿ ಇವರ ಎಲೆಗೆ ಬಡಿಸುತ್ತೇನೆ, ಆಮೇಲೆ ಕೊಡಲಿ ಎತ್ತಲಿ ನೋಡೋಣ ಎಂದು ನಾನು ಲೆಕ್ಕ ಹಾಕಿದೆ.

ಒಂದು ಮರಕ್ಕೆ ಒಂದು ಬಕೆಟ್ ತೂಗುಹಾಕಿದರೆ ಸಾಕು, ಪೈಪು ಯಾಕೆ ಎಂದು ನೀವು ಕೇಳಬಹುದು. ಅದು ಮರಕ್ಕಾಗಿ ತರಿಸಿದ ಪೈಪಲ್ಲ, ಗಂಡನಿಗಾಗಿ ತರಿಸಿದ್ದು. ಬಕೆಟ್ ಕಟ್ಟಿದರೆ ಅವರು ತಿರುಗಿಯೂ ನೋಡುವುದಿಲ್ಲ. ಪೈಪು ಎಳೆದರೆ, ಅದರಲ್ಲೂ ತಪ್ಪಾಗಿ ಎಳೆದರೆ, ಅವರಿಗೆ ತಡೆಯಲಾಗದು. ಹಾಗಾಗಿ ಒಂದು ಶನಿವಾರ ಮರದಿಂದ ಗ್ಯಾರೇಜಿನವರೆಗೆ ಬಟ್ಟೆ ಒಣಗಿಸುವ ಹಗ್ಗದಂತೆ, ನಡುವೆ ಜೋಲುಬೀಳುವಂತೆ ಪೈಪು ಕಟ್ಟಿದೆ. ಬೇಕೆಂದೇ ಹಾಗೆ ಕಟ್ಟಿದೆ ಎಂದರೆ ಸುಳ್ಳಾದೀತು, ನನಗೆ ಬರುವುದೇ ಅಷ್ಟು. ಯಜಮಾನರು ಕಾಫಿ ಹಿಡಿದು ಕಿಟಕಿಯಲ್ಲಿ ನಿಂತರು. ಕಾಫಿ ಮುಗಿಯುವ ಮೊದಲೇ ಹೊರಗೆ ಬಂದರು. "ಇಲ್ಲೆ ರಸ ನಿಂದರ್ತದ, ರಾತ್ರಿ ಹೆಪ್ಪುಗಟ್ಟಿ ಪೈಪು ಒಡೀತದ. ಯಾರು ಕಲಿಸ್ಯಾರ ನಿನಗ?" ಎಂದು ಬಿಚ್ಚತೊಡಗಿದರು. ಮೀನು ಗಾಳಕ್ಕೆ ಬಿತ್ತು.

ಆಗ ನಮ್ಮ ಅತ್ತೆಯವರೂ ಇಲ್ಲಿದ್ದರು. ಧಾರವಾಡದಲ್ಲಿ ಕಿರಿಯ ಮಗನ ಮನೆಯಲ್ಲಿ ಇರುವವರು, ಆ ಚಳಿಗಾಲಕ್ಕೆ ನಮ್ಮಲ್ಲಿಗೆ ಬಂದಿದ್ದರು. ಬಂದ ಮೊದಲ ದಿನವೇ ಹಿತ್ತಲ ಮಣ್ಣನ್ನು ಬೆರಳಲ್ಲಿ ಹಿಸುಕಿ, ಇದು ನಮ್ಮ ಎರಿ ನೆಲಾನ ಎಂದು ಗುರುತು ಹಿಡಿದರು. ಎರಡನೆಯ ದಿನದಿಂದ ಬೆಳಿಗ್ಗೆ ಮೇಪಲ್ ಮರಕ್ಕೆ ಪ್ರದಕ್ಷಿಣೆ ಶುರು. ಇದು ಅಶ್ವತ್ಥ ಅಲ್ಲ ಅತ್ತೆ ಎಂದರೆ, ಗಿಡ ಯಾವುದರೆ ಇರಲಿ, ಸುತ್ತೋರು ನಾವ ಅಲ್ಲೇನು ಎಂದರು. ಮರ ಕಡಿಸುವ ವಿಷಯವನ್ನು ನಾವಿಬ್ಬರೂ ಅವರ ಕಿವಿಗೆ ಹಾಕಿರಲಿಲ್ಲ. ದಿನಾ ಸುತ್ತುವವರಿಗೆ ಹೇಗೆ ಹೇಳುವುದು?

ನಮ್ಮ ಹಿತ್ತಲು ದೋಸೆಕಲ್ಲಿನಷ್ಟು ಸಮತಟ್ಟು. ರಸ ತಾನಾಗಿ ಹರಿಯಬೇಕಾದರೆ ಪೈಪು ಉದ್ದಕ್ಕೂ ಒಂದೇ ಸಮನೆ ಇಳಿಯುತ್ತ ಹೋಗಬೇಕು, ಎಲ್ಲೂ ಹೊಟ್ಟೆ ಬಿಡಬಾರದು. ಆಫೀಸಿನಲ್ಲಿ ಇವರ ಕೈಗೆ ಲೇಸರಿನ ಉಪಕರಣಗಳಿರುತ್ತವೆಯಂತೆ. ಇಲ್ಲಿ ಅವರು ನೆಚ್ಚಿಕೊಂಡದ್ದು ಧಾರವಾಡದ ಗೌಂಡಿಗಳ ಉಪಾಯವನ್ನು: ಪಾರದರ್ಶಕ ಕೊಳವೆಯೊಂದರಲ್ಲಿ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅಲ್ಲಿಂದ ಅಳೆದು ಇಳಿಸುತ್ತ ಹೋಗುವುದು. ಮರದ ಬಳಿಯ ತುದಿಯನ್ನು ಅತ್ತೆ ಹಿಡಿದರು, ಮೇಲೆ ಶಾಲು, ಕಾಲಿಗೆ ಮೊಮ್ಮಗಳ ಸ್ಪೋರ್ಟ್ಸ್ ಶೂಸು. ಧಾರವಾಡದ ಮನೆ ಕಟ್ಟುವಾಗಲೂ ಗೌಂಡಿಗೆ ತುದಿ ಹಿಡಿದುಕೊಟ್ಟವರು ತಾವೇ ಎಂದು ಹೇಳಿದರು. ತಾಯಿ ಮಗ ಹಿತ್ತಲಿನ ಎರಡು ಕೊನೆಯಲ್ಲಿ ನಿಂತು, ನೀರು ನಿಂತಿತೇ, ನಿಂತಿತು ಎಂದು ಕೂಗಾಡುವುದನ್ನು ನೋಡುತ್ತ ನಾನು ಮೆಟ್ಟಿಲ ಮೇಲೆ ಕೂತೆ. ಸುಖವಾಗಿತ್ತು.

ಮರಕ್ಕೆ ತೂತು ಕೊರೆಯುವ ಮೊದಲು ಅತ್ತೆ ತೊಗಟೆಗೆ ಅರಿಶಿನ ಕುಂಕುಮ ಹಚ್ಚಿ, ಸಿಟ್ಟು ಮಾಡ್ಕೋಬ್ಯಾಡವಾ ಎಂದು ಅದರ ಮೈ ಸವರಿದರು. ಎರಡು ನಲ್ಲಿ, ಎರಡರಿಂದ ಇಳಿದ ಪೈಪು ಟೀಯಲ್ಲಿ ಕೂಡಿ, ಬೇಲಿಯುದ್ದಕ್ಕೂ ಇಳಿಯುತ್ತ ಇಳಿಯುತ್ತ ಬಂದು ಗ್ಯಾರೇಜಿನ ಪಕ್ಕದ ಸ್ಟೀಲ್ ಬಕೆಟ್ಟಿಗೆ. ಯಜಮಾನರು ಬೆನ್ನ ಹಿಂದೆ ಕೈಕಟ್ಟಿ ನಿಂತು ನೋಡಿದ ಗತ್ತು ನೋಡಬೇಕಿತ್ತು. ಅಲಾಸ್ಕಾದಿಂದ ಲೈನು ಎಳೆದಿದ್ದರೂ ಹಾಗೆ ನಿಲ್ಲುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಳಿಲು ಪೈಪು ಕಚ್ಚಿ ತುಂಡರಿಸಿತ್ತು. ಹೊಸ ತುಂಡು ಸೇರಿಸಿದರು, ಮತ್ತೆ ಕಚ್ಚಿತು. ಅತ್ತೆ ಒಳಗಿನಿಂದ ಬ್ಯಾಡಗಿ ಮೆಣಸಿನ ಪುಡಿ ಎಣ್ಣೆಯಲ್ಲಿ ಕಲಸಿ ತಂದು ಪೈಪಿನುದ್ದಕ್ಕೂ ಬಳಿದರು. ಆಮೇಲೆ ಅಳಿಲುಗಳು ಬೇಲಿಯ ಮೇಲೆ ಕೂತು ನಮ್ಮನ್ನು ದೂರದಿಂದ ನೋಡತೊಡಗಿದವು.

ಎಲ್ಲ ಸಿದ್ಧವಾಯಿತು, ಚಳಿ ಮಾತ್ರ ಬರಲಿಲ್ಲ. ಜನವರಿಯಲ್ಲಿ ಜನ ಅರ್ಧ ತೋಳಿನ ಅಂಗಿಯಲ್ಲಿ ಓಡಾಡುತ್ತಿದ್ದರು. ನಾನು ದಿನಕ್ಕೆ ಹತ್ತು ಸಲ ಫೋನಿನಲ್ಲಿ ಹವಾಮಾನ ನೋಡುತ್ತಿದ್ದೆ. ಬೇರೆಯವರು ಬಿಸಿಲು ಬಂತೆಂದು ಹಿಗ್ಗಿದರೆ ನಾನು ಸೂರ್ಯನನ್ನು ಬೈಯುತ್ತಿದ್ದೆ. ಹ್ಯಾಟಿನವನು ಬರುವ ದಿನ ಹತ್ತಿರವಾಗುತ್ತಿತ್ತು, ಬಕೆಟ್ಟಿನಲ್ಲಿ ಒಂದು ಒಣ ಎಲೆ ಬಿಟ್ಟರೆ ಏನೂ ಇರಲಿಲ್ಲ. ಚಿಕ್ಕಂದಿನಲ್ಲಿ ಮಂಡ್ಯದ ಕಡೆ ಆಲೆಮನೆಗೆ ಹೋಗಿದ್ದು ನೆನಪಾಗುತ್ತಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕವಾಗುವ ಆ ವಾಸನೆ, ಎಲೆಯ ಮೇಲೆ ಸುರಿದುಕೊಟ್ಟ ಬಿಸಿ ಬೆಲ್ಲ, ಆತುರಕ್ಕೆ ಸುಟ್ಟುಕೊಂಡ ನಾಲಗೆ. ಅದೇ ವಾಸನೆ ನಮ್ಮ ಲೂಯಿಸ್‌ವಿಲ್ ಅಡುಗೆಮನೆಯಲ್ಲಿ ಏಳುತ್ತದೆ ಎಂದು ಎಣಿಸಿ ದೊಡ್ಡ ಪಾತ್ರೆಯನ್ನು ತಿಕ್ಕಿಟ್ಟಿದ್ದೆ.

ಕೊನೆಗೆ ಫೆಬ್ರವರಿ ಶುರುವಿನಲ್ಲಿ ಉತ್ತರದ ಗಾಳಿ ಬೀಸಿತು. ರಾತ್ರಿಯಿಡೀ ಹೆಪ್ಪುಗಟ್ಟುವ ಚಳಿ, ಬೆಳಗಾದರೆ ಎಳೆ ಬಿಸಿಲು. ಭಾನುವಾರ. ಯಜಮಾನರು ಹಲ್ಲುಜ್ಜುವ ಮೊದಲೇ ಹೊರಗೆ ಹೋದವರು ಕಿಟಕಿ ಬಡಿದು ಕರೆದರು. ನೀಲಿ ಪೈಪಿನೊಳಗೆ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಓಡುತ್ತಿದ್ದವು, ಬಕೆಟ್ಟಿನಲ್ಲಿ ಟಪ್ ಟಪ್ ಎಂಬ ಸದ್ದು. ನೀರಿನಷ್ಟು ತಿಳಿಯಾದ ರಸ. ಮೂವರೂ ಅದರ ಸುತ್ತ ನಿಂತೆವು. ನನಗೆ ಕಣ್ಣು ತುಂಬಿ ಬಂತು. ಮಧ್ಯಾಹ್ನ ದಾಟುವಷ್ಟರಲ್ಲಿ ಅರ್ಧ ಬಕೆಟ್ ಆಗಿತ್ತು.

ಯಜಮಾನರಿಗೆ ತಡೆಯಲಾಗಲಿಲ್ಲ. ಪೈಪಿನ ತುದಿ ಎತ್ತಿ ಬಾಯಿಗಿಡಲು ಹೋದರು. ಅತ್ತೆ ಹಿಂದಿನಿಂದ ಅವರ ಕೈ ಹಿಡಿದರು.

"ಎಂಜಲ ಮಾಡಬ್ಯಾಡ. ಮೊದಲನೇ ಧಾರಿ ದೇವರದು. ಆಕಳು ಈದ್ರ ಮೊದಲನೇ ಹಾಲು ನಾವು ಕುಡೀತೀವೇನು?"

ಇದಕ್ಕೆ ನಾನೂ ತಲೆಯಾಡಿಸಿದೆ. ನಮ್ಮ ಮನೆಗಳಲ್ಲಿ ಮೊದಲ ಫಸಲನ್ನು ಮನೆಯವರು ಮುಟ್ಟುವುದಿಲ್ಲ, ಅದರಲ್ಲಿ ಹೊಸದೇನಿದೆ? ನಾಳೆಯದು ನಮಗೆ ಇದ್ದೇ ಇದೆಯಲ್ಲ. ಅತ್ತೆ ಮತ್ತೆ ಸ್ನಾನ ಮಾಡಿ ಬಂದು ದೇವರ ಪೆಟ್ಟಿಗೆಯ ಪುಟ್ಟ ಈಶ್ವರನಿಗೆ ಒಂದು ತಂಬಿಗೆ ಮೇಪಲ್ ರಸದಲ್ಲಿ ಅಭಿಷೇಕ ಮಾಡಿದರು. ರುದ್ರ ಹೇಳಿದವರು ಯಜಮಾನರೇ. ವರ್ಷಗಟ್ಟಲೆ ಬಾಯಿಗೆ ಬಾರದಿದ್ದದ್ದು ಹೇಗೋ ಬಂತು, ಅರ್ಧಕ್ಕೆ ಮರೆತದ್ದನ್ನು ಅತ್ತೆ ತುಟಿಯಲ್ಲೇ ಎತ್ತಿಕೊಟ್ಟರು. ಆಮೇಲೆ ಮೂವರೂ ತೀರ್ಥ ತೆಗೆದುಕೊಂಡೆವು. ಪಚ್ಚಕರ್ಪೂರ, ತುಳಸಿ, ಏಲಕ್ಕಿ ಬೆರೆತು ಮೇಪಲ್ಲಿನ ರುಚಿ ಯಾವುದು ಎಂದು ನನಗೆ ಗೊತ್ತಾಗಲಿಲ್ಲ. ಯಜಮಾನರು ಅಂಗೈಯಲ್ಲಿ ಉಳಿದದ್ದನ್ನು ತಲೆಗೆ ಸವರಿಕೊಂಡು ಕಿಟಕಿಯಾಚೆಯ ಮರದ ಕಡೆ ತಿರುಗಿದರು.

ಉಳಿದ ರಸಕ್ಕೆ ನಾನು ಪಾತ್ರೆ ತಂದೆ. ಅಷ್ಟರಲ್ಲಿ ಅತ್ತೆ ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ನಡೆದಿದ್ದರು. ದೇವರಿಗಾದ ಮೇಲೆ ಕರುವಿನ ಪಾಲು, ಗಿಡಕ್ಕೆ ಕರು ಎಲ್ಲಿಂದ ತರೋಣ, ಅದರ ಪಾಲು ಅದಕ್ಕೇ ಎಂದು ಅಷ್ಟನ್ನೂ ಮರದ ಬುಡಕ್ಕೆ ಸುರಿದರು. ನಾನು ಖಾಲಿ ಪಾತ್ರೆ ಹಿಡಿದು ನಿಂತೆ. ಎರೆ ಮಣ್ಣು ಒಂದೇ ಗುಟುಕಿಗೆ ಕುಡಿದುಬಿಟ್ಟಿತು.

ನಾಳೆ ಬಂತು, ಸೆಖೆಯೂ ಜೊತೆಗೇ ಬಂತು. ಟೆಕ್ಸಸ್ಸಿನ ಹವೆಯನ್ನು ನಂಬಿದವರು ಉಂಟೇ? ಆ ವಾರವೆಲ್ಲ ಫ್ಯಾನು ಹಾಕಿಕೊಂಡು ಮಲಗಿದೆವು. ಬಕೆಟ್ಟಿಗೆ ಮತ್ತೆ ಹನಿ ಬೀಳಲಿಲ್ಲ. ಇನ್ನೊಂದು ವಾರಕ್ಕೆ ಕೊಂಬೆಗಳಲ್ಲಿ ಚಿಕ್ಕ ಕೆಂಪು ಹೂ ಬಿಟ್ಟವು. ಹೂ ಬಿಟ್ಟ ಮೇಲೆ ರಸ ಬಂದರೂ ಕಹಿ ಎಂದು ಅನಘಾ ಫೋನಿನಲ್ಲಿ ಹೇಳಿದಳು. ಆ ಅರ್ಧ ಬಕೆಟ್ ಕುದಿಸಿದ್ದರೂ ಒಂದು ಕಾಫಿ ಲೋಟದಷ್ಟು ಪಾಕ ಆಗುತ್ತಿತ್ತಂತೆ. ನನಗೆ ಅಷ್ಟೇ ಸಾಕಿತ್ತು. ನಾಲ್ಕು ಹೋಳಿಗೆ ಆಗಿದ್ದರೂ ಸಾಕಿತ್ತು. ತೋರಿಸಲು ಒಂದು ಚಮಚವೂ ಇಲ್ಲದೆ ನಾನು ಯಾವ ಮುಖದಲ್ಲಿ ಮರದ ಪರ ವಾದಿಸಲಿ? ಅತ್ತೆಯವರ ಮೇಲೆ ಸಿಟ್ಟು ಬಂದದ್ದು ನಿಜ. ಎರಡು ದಿನ ಮಾತು ಕಡಿಮೆ ಮಾಡಿದೆ. ಅವರು ಅದನ್ನು ಗಮನಿಸಿದಂತೆಯೇ ತೋರಿಸಿಕೊಳ್ಳಲಿಲ್ಲ, ಎಂದಿನಂತೆ ಮರ ಸುತ್ತಿದರು, ತಿಂಗಳ ಕೊನೆಗೆ ಧಾರವಾಡಕ್ಕೆ ಹೊರಟರು. ಹೊರಡುವ ದಿನ ಮರದ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದರು.

ಮಾರ್ಚಿನಲ್ಲಿ ಹ್ಯಾಟಿನವನು ಬಂದ. ನಾನು ಹೊರಗೆ ಹೋಗಲಿಲ್ಲ. ಮರಕ್ಕೆ ಗುರುತು ಹಾಕುವುದನ್ನು ನೋಡುವ ಧೈರ್ಯ ಇರಲಿಲ್ಲ. ಅಡುಗೆಮನೆಯಲ್ಲಿ ಸುಮ್ಮನೆ ಹುರುಳಿಕಾಯಿ ಹೆಚ್ಚುತ್ತ, ಬೇಕಾದ್ದಕ್ಕಿಂತ ಮೂರುಪಟ್ಟು ಹೆಚ್ಚಿಟ್ಟೆ. ಕಿಟಕಿಯಲ್ಲಿ ಇಬ್ಬರೂ ಮರದ ಮುಂದೆ ನಿಂತದ್ದು ಕಾಣುತ್ತಿತ್ತು. ಯಜಮಾನರು ನಲ್ಲಿ ಕಿತ್ತ ಗಾಯವನ್ನು ತೋರಿಸಿ ಏನೋ ಹೇಳಿದರು. ಅವನು ಹ್ಯಾಟು ತೆಗೆದು ಎದೆಗೆ ಹಿಡಿದುಕೊಂಡ. ಆಮೇಲೆ ಇಬ್ಬರೂ ಮರವನ್ನು ಬಿಟ್ಟು ದೂರಕ್ಕೆ ನಡೆದು, ಮನೆಗೂ ಮರಕ್ಕೂ ನಡುವಿನ ಹುಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಉದ್ದ ಗೆರೆ ಎಳೆದರು. ಕಾಲುವೆಯ ಗೆರೆ.

ಯಜಮಾನರು ಒಳಗೆ ಬಂದು ಕೈ ತೊಳೆದುಕೊಂಡರು. ಅವನಿಗೆ ಏನು ಹೇಳಿದಿರಿ ಎಂದು ಕೇಳಿದೆ.

"ಏನ್ ಹೇಳೋದು? ವೀ ಡ್ರ್ಯಾಂಕ್ ಫ್ರಮ್ ಇಟ್ ಅಂದೆ. ಅವಗ ತಿಳೀತು."

ನಾನು ಹುರುಳಿಕಾಯಿ ಬಿಟ್ಟು ಅಲ್ಲೇ ಕುರ್ಚಿಯಲ್ಲಿ ಕೂತೆ. ಹೋಳಿಗೆಗೆ ಪಾಕವಿಲ್ಲ ಎಂದು ನಾನು ಒಂದು ತಿಂಗಳು ಕೊರಗಿದ್ದೆ. ಇವರಿಗೆ ಒಂದು ಉದ್ಧರಣೆ ತೀರ್ಥ ಸಾಕಾಗಿತ್ತು.

ಸಂಜೆ ಧಾರವಾಡಕ್ಕೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗಾಗಿತ್ತು, ಅತ್ತೆ ಚಹಾ ಕುಡಿಯುತ್ತಿದ್ದರು. ನನ್ನ ಮುಖ ಕಂಡೊಡನೆ ಕ್ಷೇಮ ಕೇಳಲಿಲ್ಲ, ಮೊಮ್ಮಗಳನ್ನು ಕೇಳಲಿಲ್ಲ.

"ಗಿಡಾ ಉಳಿಸಿದ್ನಾ?"

ಅವರಿಗೆ ಯಾರು ಹೇಳಿದರು? ನಾವಂತೂ ಹೇಳಿರಲಿಲ್ಲ. ಉಳಿಸಿದರು ಅತ್ತೆ ಎಂದೆ. ಅವರು ಲೋಟ ಕೆಳಗಿಟ್ಟು ಸೆರಗಿನಲ್ಲಿ ತುಟಿ ಒರೆಸಿಕೊಂಡರು.

"ಉಳಿಸಲಾರದ ಏನ್ ಮಾಡ್ತಾನ? ಪಾಯಸ ಉಂಡವ ಮರೀತಾನ. ನಾ ಅವಗ ತೀರ್ಥ ಕುಡಿಸೇನಿ."